ಮಂಜಿನಲ್ಲಿ ಗರಗಸ

"ಇನ್ನೊಂದು ಸಲ ಹಾಕಿ," ಎಂದರು ಡಾಕ್ಟರು.

ಅಕ್ಕ ಮತ್ತೆ ಬೆರಳಿಟ್ಟಳು. ಜೀನು, ಲಗಾಮು, ಎಣ್ಣೆ ಕುಡಿದ ತೊಗಲಿನ ವಾಸನೆ ತುಂಬಿದ ಆ ಕೋಣೆಯಲ್ಲಿ ಸತ್ತವನ ಫೋನಿನ ಸದ್ದು ಮತ್ತೆ ಎದ್ದಿತು.

ಮೊದಲು ಗೊರಸುಗಳು. ಮೆತ್ತನೆಯ ನೆಲಕ್ಕೆ ಯಾರೋ ಬಿಡುವಿಲ್ಲದೆ ಒನಕೆ ಹಾಕುತ್ತಿರುವ ಹಾಗೆ. ಆಮೇಲೆ ಉಸಿರು.

ಒಣಮರಕ್ಕೆ ಮೊಂಡು ಗರಗಸ ಇಟ್ಟು ಎಳೆದಂಥ ಸದ್ದು. ಗಾಳಿ ಒಳಗೆ ಹೋಗುವಾಗ ಗರ್ರೆಂದು ಕೊಯ್ಯುತ್ತಿತ್ತು, ಹೊರಗೆ ಬರುವಾಗ ಸುಮ್ಮನಾಗುತ್ತಿತ್ತು. ಅದರ ನಡುವೆಯೇ ಗಿಡ್ಡಣ್ಣ ನಕ್ಕ. ಸಣ್ಣ ನಗು. ದಾರಿಯಲ್ಲಿ ಪರಿಚಯದವರು ಸಿಕ್ಕಾಗ ಬರುವಂಥದ್ದು. ಆಮೇಲೆ ಏನೋ ಮುರಿಯಿತು. ಆಮೇಲೆ ಹುಲ್ಲಿನ ಮೇಲೆ ಗಾಳಿ ಆಡುತ್ತಿರುವುದಷ್ಟೇ.

ಈ ಲಾಯದ ಹಿರಿಯ ಸವಾರ ಗಿಡ್ಡಣ್ಣ, ಕಾಡಿಗೆ ಎಂಬ ಕಪ್ಪು ಹೆಣ್ಣು ಕುದುರೆಯನ್ನು ಬೆಳಗಿನ ಅಭ್ಯಾಸಕ್ಕೆ ಒಯ್ದು, ಓಟದ ಹಾದಿಯ ದೂರದ ತಿರುವಿನಲ್ಲಿ ಕತ್ತು ಮುರಿದು ಬಿದ್ದದ್ದು ಕಳೆದ ವಾರ. ಅವನ ಒಡೆದ ಫೋನಿನಿಂದ ಈ ಸದ್ದನ್ನು ಹೊರತೆಗೆದದ್ದು ನಿನ್ನೆ ಸಂಜೆ.

ಇಲ್ಲಿನ ಸವಾರರೆಲ್ಲ ಅಭ್ಯಾಸಕ್ಕೆ ಹೊರಡುವಾಗ ಎದೆಯ ಜೇಬಿನಲ್ಲಿ ಫೋನು ಚಾಲೂ ಮಾಡಿ ಕುದುರೆಯ ಉಸಿರು ಹಿಡಿದು ತರುತ್ತಿದ್ದರು. ತರಬೇತಿ ಕೊಡುವ ಮೇಷ್ಟ್ರು ಆಮೇಲೆ ಕಣ್ಣು ಮುಚ್ಚಿ ಕೂತು ಅದನ್ನು ಕೇಳುತ್ತಿದ್ದರು. ಕುದುರೆ ಕಾಲಿನ ನೋವನ್ನು ಮರೆಮಾಚಬಹುದು, ಉಸಿರನ್ನಲ್ಲ ಎನ್ನುವುದು ಅವರ ಮಾತು.

ಈಗಲೂ ಅವರ ಕಣ್ಣು ಮುಚ್ಚಿಯೇ ಇತ್ತು.

"ಗರಗಸ," ಎಂದರು ಮೆಲ್ಲಗೆ. ಆ ಮಾತನ್ನು ಲಾಯದಲ್ಲಿ ಯಾರೂ ಜೋರಾಗಿ ಆಡುವುದಿಲ್ಲ.

"ಹಾಗಂದ್ರೆ?" ಅಕ್ಕ ಕೇಳಿದಳು. ಅವಳು ತನಿಖೆಯ ಅಧಿಕಾರಿ. ಊರೆಲ್ಲ ಅವಳನ್ನು ಇನ್‌ಸ್ಪೆಕ್ಟರಮ್ಮ ಎನ್ನುತ್ತಿತ್ತು. ಅಕ್ಕ ಎನ್ನುತ್ತಿದ್ದವಳು ಒಬ್ಬಳೇ, ಮೂಲೆಯಲ್ಲಿ ಬಕೆಟ್ಟು ಬೋರಲು ಹಾಕಿ ಕೂತಿದ್ದ ಕಡ್ಡಿ. ಒಡಹುಟ್ಟಿದ ತಂಗಿ. ಇದೇ ಲಾಯದ ಕಿರಿಯ ಸವಾರಳು. ಗಾಳಿ ಬೀಸಿದರೆ ಹಾರಿಹೋಗುವಂತಿದ್ದಳು, ಬಾಯಿ ಮಾತ್ರ ಕಲ್ಲು ಒಡೆಯುವಂಥದ್ದು. ಗಿಡ್ಡಣ್ಣ ಹೋದ ಮೇಲೆ ನಾಳಿದ್ದಿನ ದೊಡ್ಡ ಓಟದಲ್ಲಿ ಕಾಡಿಗೆಯ ಬೆನ್ನೇರಬೇಕಾದವಳು ಅವಳೇ.

ಅದಕ್ಕೇ ಅಕ್ಕನಿಗೆ ವಾರದಿಂದ ಸರಿಯಾಗಿ ಊಟ ಇಳಿದಿರಲಿಲ್ಲ.

ಲಾಯದ ಕುದುರೆ ಡಾಕ್ಟರು ಕೈ ಒರೆಸಿಕೊಂಡರು. ಅವರ ಕೈಯಿಂದ ಯಾವಾಗಲೂ ಸೋಪಿನ ವಾಸನೆ. ಮಾತು ಮೃದು, ಯಾರಿಗಾದರೂ ಏನಾದರೂ ತಿಳಿಸಿ ಹೇಳುವುದೆಂದರೆ ಅವರಿಗೆ ಪ್ರೀತಿ.

"ನಾವು ದಣಿದ್ರೆ ಬಾಯಿ ತೆರೀತೀವಿ. ಕುದುರೆಗೆ ಆ ಭಾಗ್ಯ ಇಲ್ಲ. ಎಷ್ಟೇ ದಣಿದ್ರೂ ಮೂಗೇ ಗತಿ. ಅದರ ಗಂಟಲಲ್ಲಿ ಎರಡು ರೆಕ್ಕೆಯ ಬಾಗಿಲು ಇದೆ ಅಂದ್ಕೊಳ್ಳಿ. ಓಡುವಾಗ ಎರಡೂ ಪೂರ್ತಿ ತೆರ್ಕೋಬೇಕು. ಕೆಲವಕ್ಕೆ ಎಡಗಡೆ ರೆಕ್ಕೆಯ ನರ ಸತ್ತು ಜೋತು ಬೀಳತ್ತೆ. ಗಾಳಿ ನುಗ್ಗುವಾಗ ಆ ಜೋತು ಬಿದ್ದದ್ದು ಅಡ್ಡ ಬಂದು ಅದುರತ್ತೆ. ಅದೇ ಗರಗಸ."

"ಗಿಡ್ಡಣ್ಣ ಸತ್ತ ದಿನ ನೀವೇ ಕಾಡಿಗೆಯ ಗಂಟಲು ನೋಡಿದ್ರಲ್ಲ. ಸರಿಯಾಗಿದೆ ಅಂದಿದ್ರಿ."

"ಮೂಗಿನಿಂದ ಕೊಳವೆ ಕ್ಯಾಮೆರಾ ಇಳಿಸಿ ನೋಡಿದೆ. ಎರಡೂ ರೆಕ್ಕೆ ಚೆನ್ನಾಗೇ ತೆರೀತಿದ್ವು. ಆದ್ರೆ ನಿಂತ ಕುದುರೆ ಅದು. ನಿಂತಾಗ ಎಲ್ಲ ಚೆಂದ. ಮಲಗಿದವನನ್ನ ನೋಡಿ ಇವನು ಕುಂಟ ಅಲ್ಲ ಅಂತ ಬರೆದುಕೊಟ್ಟ ಹಾಗಾಯ್ತು ನನ್ನ ಕತೆ." ಡಾಕ್ಟರು ನೊಂದುಕೊಂಡವರ ಹಾಗೆ ನಕ್ಕರು. "ನಾಗಾಲೋಟಕ್ಕೆ ಬಿಟ್ಟಾಗ ಮಾತ್ರ ಗರಗಸ ಹೊರಗೆ ಬರೋದು."

"ಓಡುವಾಗ ಸ್ವಲ್ಪ ನಿಧಾನವಾಗಿ ಉಸಿರು ತಗೊಂಡ್ರೆ ಆಗಲ್ವಾ?"

"ಅದು ಅದರ ಕೈಲಿಲ್ಲ. ಒಂದು ನೆಗೆತಕ್ಕೆ ಒಂದೇ ಉಸಿರು. ಮೈ ಚಾಚಿದಾಗ ಗಾಳಿ ಒಳಗೆ. ಮುಂಗಾಲು ನೆಲಕ್ಕೆ ಬಿದ್ದಾಗ ಹೊಟ್ಟೆಯ ಭಾರವೆಲ್ಲ ಮುಂದಕ್ಕೆ ಬಂದು ಶ್ವಾಸಕೋಶವನ್ನ ತಿದಿ ಒತ್ತಿದ ಹಾಗೆ ಒತ್ತತ್ತೆ, ಗಾಳಿ ಹೊರಗೆ. ಬೇಕು ಅಂದ್ರೂ ನಡುವೆ ಇನ್ನೊಂದು ತಗೊಳ್ಳಕ್ಕಾಗಲ್ಲ. ಕಾಲಿಗೂ ಮೂಗಿಗೂ ಒಂದೇ ಹಗ್ಗ ಕಟ್ಟಿದ ಹಾಗೆ."

ಕಡ್ಡಿ ಬಕೆಟ್ಟಿನ ಮೇಲೆ ಬೆರಳಿಂದ ತಟ್ಟುತ್ತಿದ್ದಳು. ತಟ್ಟುವುದನ್ನು ನಿಲ್ಲಿಸಿದಳು.

"ಆದ್ರೆ ಇಲ್ಲಿ ತಾಳ ತಪ್ತಿದೆ," ಎಂದಳು. "ಗೊರಸು ಒಂದು ಕಡೆ, ಉಸಿರು ಒಂದು ಕಡೆ. ಕೇಳಿ ಬೇಕಾದ್ರೆ. ಒಂದು ಸಲ ಕೂಡತ್ತೆ, ಆಮೇಲೆ ಜಾರ್ಕೊಂಡು ಹೋಗತ್ತೆ."

"ಉಸಿರು ಕಟ್ಟಿದ ಕುದುರೆ ಕಣಮ್ಮ ಅದು," ಎಂದರು ಡಾಕ್ಟರು ಸಮಾಧಾನವಾಗಿ. "ಗಾಬರಿಯಲ್ಲಿ ತಾಳ ಎಲ್ಲಿ ಉಳಿಯತ್ತೆ?"

ಎಲ್ಲರೂ ತಲೆಯಾಡಿಸಿದರು. ಅಕ್ಕನೂ ಆಡಿಸಿದಳು. ಅವಳ ಮನಸ್ಸು ಆ ನಗುವಿನಲ್ಲಿ ಸಿಕ್ಕಿಕೊಂಡಿತ್ತು. ತಾನು ಕೂತ ಕುದುರೆಯ ಉಸಿರು ಕಟ್ಟುತ್ತಿರುವಾಗ, ಇಡೀ ಬದುಕನ್ನು ಜೀನಿನ ಮೇಲೆ ಕಳೆದ ಮನುಷ್ಯ ನಗುತ್ತಾನೆಯೇ?

ಚಿಕ್ಕವರಿದ್ದಾಗ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಗುಹೆಯೊಳಗೆ ಮಲಗಿದ ರಾಕ್ಷಸನೊಬ್ಬನಿದ್ದ. ಅವನು ಉಸಿರು ಎಳೆದುಕೊಂಡರೆ ಎಲೆ, ಹಕ್ಕಿ, ದಾರಿಹೋಕರು ಎಲ್ಲರೂ ತೇಲಿಕೊಂಡು ಅವನ ಮೂಗಿನೊಳಗೆ ಹೋಗುತ್ತಿದ್ದರು. ಬಿಟ್ಟಾಗ ಬರಿಯ ಮೂಳೆ ಹೊರಬರುತ್ತಿತ್ತು. ಕಡ್ಡಿ ಹೆದರಿ ಅಕ್ಕನ ಹೊದಿಕೆಯೊಳಗೆ ನುಗ್ಗುತ್ತಿದ್ದಳು. ಆಮೇಲೆ ಹೊದಿಕೆಯೊಳಗಿಂದಲೇ, "ಅವನಿಗೆ ನೆಗಡಿ ಆದ್ರೆ ಏನ್ ಮಾಡ್ತಾನೆ?" ಎಂದು ಕೇಳುತ್ತಿದ್ದಳು.

ಆ ಹೊದಿಕೆಯ ಬಿಸಿ ನೆನಪಾಗಿ ಅಕ್ಕನ ದನಿ ಗಟ್ಟಿಯಾಯಿತು.

"ಮೇಷ್ಟ್ರೇ, ಈ ಕುದುರೆ ನಾಳಿದ್ದು ಓಡಕೂಡದು."

ಮೇಷ್ಟ್ರು ಕಣ್ಣು ತೆರೆದರು. ದಪ್ಪ ದೇಹ, ಮುಂದೆ ಬಂದ ಹೊಟ್ಟೆ, ಕೂಗಿ ಕೂಗಿ ಒಡೆದ ಗಂಟಲು.

"ಕಾಡಿಗೆ ಹುಟ್ಟಿದಾಗ ಅವಳ ಮೂಗಿನ ಪೊರೆ ತೆಗೆದವನು ನಾನು. ಅವಳ ಮೊದಲನೇ ಉಸಿರು ಈ ಅಂಗೈಗೆ ತಾಗಿದೆ. ಅವಳು ಗರಗಸ ಎಳೆಯಲ್ಲ."

"ಇದೀಗ ತಾನೇ ಕೇಳಿದ್ರಲ್ಲ."

"ಕೇಳ್ದೆ. ಆ ಸದ್ದು ಗರಗಸದ್ದೇ. ಆದ್ರೆ ಅವಳದ್ದಲ್ಲ."

"ಇನ್ಯಾರದ್ದು, ಗಿಡ್ಡಣ್ಣಂದಾ?"

"ನನಗೂ ಮೆಟ್ಟಿಲು ಹತ್ತಿದ್ರೆ ಗರಗಸ ಬರತ್ತೆ ಇನ್‌ಸ್ಪೆಕ್ಟರಮ್ಮ. ನನ್ನನ್ನೇ ಹಿಡ್ಕೊಂಡು ಹೋಗಿ."

ಅಕ್ಕ ಎದ್ದು ಅವರ ಎದುರು ನಿಂತಳು.

"ನಿಮಗೆ ಮೊದಲೇ ಗೊತ್ತಿತ್ತು ಅಂತ ನಾನು ಅಂದ್ಕೊಂಡ್ರೆ? ಲಾಯದಲ್ಲಿ ಉಳಿದಿರೋ ಒಳ್ಳೆ ಕುದುರೆ ಇದೊಂದೇ. ಗರಗಸ ಅಂತ ಹೊರಗೆ ಗೊತ್ತಾದ್ರೆ ಇವಳನ್ನ ಯಾರೂ ಮೂಸಲ್ಲ. ಅದನ್ನ ಮುಚ್ಚಿಟ್ಟು ಗಿಡ್ಡಣ್ಣನ್ನ ಹತ್ತಿಸಿದ್ರಿ. ಈಗ ನನ್ನ ತಂಗೀನ ಹತ್ತಿಸ್ತಿದೀರಿ."

ಮೇಷ್ಟ್ರು ಅವಳನ್ನೇ ನೋಡಿದರು. ಕೋಪ ಬರುತ್ತದೆಂದು ಅಕ್ಕ ಕಾದಳು. ಬರಲಿಲ್ಲ. ಮುಖದಿಂದ ಏನೋ ಇಳಿದುಹೋದ ಹಾಗಾಯಿತು.

"ಗಿಡ್ಡಣ್ಣ ನನ್ನ ತಂಗಿ ಗಂಡ," ಎಂದರು. "ತಂಗಿ ಮುಖ ನೋಡಕ್ಕಾಗದೆ ನಾನು ಇಲ್ಲೇ, ಈ ಜೀನುಗಳ ಜೊತೆ ಮಲಗ್ತಿದೀನಿ. ಗೊತ್ತಿದ್ದೂ ಹತ್ತಿಸಿದೆ ಅಂತೀರಾ?"

ಹೊರಗೆ ಕುದುರೆಯೊಂದು ಬಾಗಿಲು ಒದೆಯಿತು.

"ಅಯ್ಯೋ, ಇದಕ್ಕೇನು ಪಂಚಾಯಿತಿ," ಎಂದಳು ಕಡ್ಡಿ. ಎದ್ದು ಚಡ್ಡಿಯ ಹಿಂದಿನ ಧೂಳು ಕೊಡವಿದಳು. "ಓಡಿಸಿದ್ರೆ ತಾನೇ ಗೊತ್ತಾಗೋದು? ಈಗ್ಲೇ ಓಡಿಸ್ತೀನಿ. ಅದೇ ಹಾದಿ, ಅದೇ ವೇಗ. ಗರಗಸ ಬಂದ್ರೆ ನಾನೇ ಇಳಿದು ನಡೆಸ್ಕೊಂಡು ಬರ್ತೀನಿ, ಓಟ ರದ್ದು. ಬರಲಿಲ್ಲ ಅಂದ್ರೆ ನೀನು ಮೇಷ್ಟ್ರ ಕಾಲಿಗೆ ಬೀಳು."

"ಬೇಡ," ಎಂದಳು ಅಕ್ಕ.

"ಯಾಕೆ?"

"ಬೇಡ ಅಂದ್ರೆ ಬೇಡ ಕಣೇ. ಹೊರಗೆ ಮಂಜು. ಕೈ ಚಾಚಿದ್ರೆ ಬೆರಳು ಕಾಣಲ್ಲ."

"ಗಿಡ್ಡಣ್ಣ ಹೋದ ದಿನಾನೂ ಹೀಗೇ ಇತ್ತು. ಅದೇ ಬೇಕಲ್ವಾ ನಿನಗೆ?" ಕಡ್ಡಿ ಹತ್ತಿರ ಬಂದು ದನಿ ತಗ್ಗಿಸಿದಳು. "ಅಕ್ಕ, ನಿನ್ನ ಕೆಲಸದಲ್ಲಿ ಕೋವಿ ಹಿಡಿದವರ ಮನೆ ಬಾಗಿಲು ಬಡೀತೀಯ. ನಾನು ಒಂದು ದಿನ ಬೇಡ ಅಂದಿದೀನಾ? ಅನ್ಬೇಕು ಅನ್ಸಿದ್ರೂ ಅನ್ನಲ್ಲ."

ಅಕ್ಕ ಕಿಟಕಿಯ ಕಡೆ ನೋಡಿದಳು. ಮಂಜು ಗಾಜಿಗೆ ಮೂಗು ಒತ್ತಿಕೊಂಡು ಒಳಗೆ ನೋಡುತ್ತಿದ್ದ ಹಾಗಿತ್ತು.

"ಫೋನ್ ಕಾಲ್ ಕಟ್ ಮಾಡ್ಬಾರದು," ಎಂದಳು ಕೊನೆಗೆ. "ನಾನು ನಿಲ್ಸು ಅಂದ್ರೆ ನಿಲ್ಸಬೇಕು."

"ಅಪ್ಪಣೆ ಇನ್‌ಸ್ಪೆಕ್ಟರಮ್ಮ."

"ಅಪಾಯ," ಎಂದರು ಡಾಕ್ಟರು ತಲೆ ಅಲ್ಲಾಡಿಸುತ್ತ. "ಆದ್ರೆ ಬೇರೆ ದಾರಿ ಇಲ್ಲ, ಒಪ್ಕೋತೀನಿ. ಓಟ ಮುಗಿದ ತಕ್ಷಣ ಗಂಟಲು ನೋಡಬೇಕು. ಆಸ್ಪತ್ರೆ ಕೋಣೆಗೆ ಹೋಗಿ ಕ್ಯಾಮೆರಾ ಬಿಸಿನೀರಲ್ಲಿ ತೊಳ್ಕೊಂಡು ತರ್ತೀನಿ." ಅವರು ಕೋಟಿನ ಗುಂಡಿ ಹಾಕಿಕೊಂಡು ಹೊರಟರು. ಎರಡು ಹೆಜ್ಜೆಗೆ ಮಂಜು ಅವರನ್ನು ನುಂಗಿತು.

*

ಓಟದ ಹಾದಿಗೆ ಇಳಿಯುವ ಗೇಟಿನ ಪಕ್ಕದಲ್ಲಿ ಕಲ್ಲಿನ ತೊಟ್ಟಿ. ಅದರ ಮುಂದೆ ಲಾಯದವರೆಲ್ಲ ಅತ್ತೆ ಎನ್ನುವ ಆಳು ಹೆಂಗಸು ಮೊಣಕೈವರೆಗೆ ನೀರಲ್ಲಿ ಕೈ ಮುಳುಗಿಸಿ ಒಣಹುಲ್ಲು ಅದ್ದುತ್ತಿದ್ದಳು. ಒಣಗಿದ್ದನ್ನು ಹಾಗೇ ಹಾಕಿದರೆ ಅದರ ಧೂಳು, ಬೂಷ್ಟು ಎಲ್ಲ ಕುದುರೆಯ ಎದೆಗೆ ಹೋಗಿ ಕೂರುತ್ತದೆ. ಆಮೇಲೆ ಓಡುವಾಗ ಕೆಮ್ಮು. ಹುಲ್ಲು ಅದ್ದುವುದರ ಜೊತೆಗೆ ಇನ್ನೊಂದು ಕೆಲಸವೂ ಅವಳದ್ದೇ. ಗೇಟು ದಾಟುವ ಕುದುರೆಗಳನ್ನು ಎಣಿಸಿ ಕೂಗಿ ಹೇಳುವುದು. ಮಂಜಿನಲ್ಲಿ ಹಾದಿಯ ಮೇಲೆ ಎಷ್ಟು ಕುದುರೆ ಇವೆ ಎಂಬುದು ಎಲ್ಲರಿಗೂ ಗೊತ್ತಿರಲೇಬೇಕು.

ಗಿಡ್ಡಣ್ಣ ಸತ್ತ ದಿನವೇ ಅಕ್ಕ ಅವಳನ್ನು ಕೇಳಿದ್ದಳು. "ಒಂದೇ ಕುದುರೆ ಹೊರಗೆ ಹೋಗಿದ್ದು," ಎಂದಿದ್ದಳು ಅತ್ತೆ. ಲಾಯದಲ್ಲಿ ಯಾರನ್ನು ಕೇಳಿದರೂ ಅದೇ ಉತ್ತರ. ಒಂದೇ.

ಕಡ್ಡಿ ಕಾಡಿಗೆಯ ಮೇಲೆ ಕೂತು ಬಂದಳು. ಕಾಡಿಗೆಯ ಮೈ ಒದ್ದೆ ಇದ್ದಲಿನ ಹಾಗೆ ಹೊಳೆಯುತ್ತಿತ್ತು. ಮೂಗಿನ ಹೊಳ್ಳೆಗಳಿಂದ ಬಿಳಿಯ ಆವಿ ಎರಡು ದಾರದಂತೆ ಬಿಡಿಸಿಕೊಳ್ಳುತ್ತಿತ್ತು. ಪಕ್ಕದಲ್ಲಿ ಬೂದಿ ಎಂಬ ಮುದಿ ಬಿಳಿಕುದುರೆಯ ಮೇಲೆ ಎಲ್ಲರೂ ಮಾಮ ಎನ್ನುವ ಬೊಕ್ಕತಲೆಯವನು ಕೂತು, ಕಾಡಿಗೆಯ ಲಗಾಮಿಗೆ ಒಂದು ಕೈ ಕೊಟ್ಟು ನಡೆಸಿ ತರುತ್ತಿದ್ದ. ಚುರುಕು ಕುದುರೆ ಹಾದಿಗೆ ಇಳಿಯುವಾಗ ಗಾಬರಿ ಬೀಳದಿರಲೆಂದು ಹೀಗೆ ಸಾಧು ಕುದುರೆಯೊಂದನ್ನು ಜೊತೆಗೆ ಕಳಿಸುವುದು ವಾಡಿಕೆ.

"ಮಾಮ, ನಿದ್ದೆ ಮುಗೀತಾ ಇನ್ನೂ ಇದೆಯಾ?" ಕಡ್ಡಿ ಕೆಣಕಿದಳು.

"ನಿನ್ನ ಬಾಯಿ ಕೇಳಿದ ಮೇಲೆ ಸತ್ತವರೂ ಎದ್ದು ಕೂರ್ತಾರೆ, ನಾನ್ಯಾವ ಲೆಕ್ಕ," ಎಂದ ಮಾಮ.

ಗೇಟು ಕಿರುಗುಟ್ಟಿತು. ಕಪ್ಪು ಕುದುರೆ, ಬಿಳಿ ಕುದುರೆ ದಾಟಿದವು.

"ಒಂದು ಹೊರಗೆ," ಎಂದು ಅತ್ತೆ ತೊಟ್ಟಿಯಿಂದ ತಲೆ ಎತ್ತದೆ ಕೂಗಿದಳು.

ಅಕ್ಕನಿಗೆ ಏನೋ ಚುಚ್ಚಿದ ಹಾಗಾಯಿತು. ಊಟದಲ್ಲಿ ಕಲ್ಲು ಸಿಕ್ಕಿ, ನಾಲಿಗೆಗೆ ತಿಳಿಯುವಷ್ಟರಲ್ಲಿ ಜಾರಿದ ಹಾಗೆ. ಅಷ್ಟರಲ್ಲಿ ಕಡ್ಡಿ ತಿರುಗಿ ನೋಡಿ ಜೇಬು ತಟ್ಟಿ ತೋರಿಸಿದಳು. ಫೋನು ಸ್ಪೀಕರಿನಲ್ಲಿತ್ತು. ಅಕ್ಕ ತನ್ನ ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನಿನ ಗುಂಡಿಯನ್ನು ಒತ್ತಿಕೊಂಡಳು. ಜೀನಿನ ಕಿರುಗುಟ್ಟು, ತಂಗಿಯ ಗುನುಗು ಎಲ್ಲ ಹತ್ತಿರದಲ್ಲೇ ಕೇಳಿತು.

"ನೀವೂ ಒಂದು ಕಿವಿಗೆ ಹಾಕ್ಕೊಳ್ಳಿ ಮೇಷ್ಟ್ರೇ."

"ನನಗೆ ಆ ಯಂತ್ರ ಬೇಡ. ಹತ್ತಿರದಿಂದ ಹಾದುಹೋಗುವಾಗ ನನ್ನ ಕಿವಿಗೆ ಬಿದ್ರೆ ಸಾಕು." ಮೇಷ್ಟ್ರು ಹಾದಿಯ ಅಂಚಿನ ಕಟಕಟೆಗೆ ಎರಡೂ ಕೈ ಊರಿ ತಲೆ ತಗ್ಗಿಸಿ ನಿಂತರು.

ಮಂಜು ಎಲ್ಲವನ್ನೂ ತನ್ನ ಮಡಿಲಿಗೆ ಹಾಕಿಕೊಂಡಿತು. ಮರ ಇಲ್ಲ, ಹಾದಿ ಇಲ್ಲ, ಆಚೆಯ ಬೇಲಿ ಇಲ್ಲ. ಜಗತ್ತನ್ನು ಇನ್ನೂ ಯಾರೂ ಮಾಡಿ ಮುಗಿಸಿಲ್ಲವೇನೋ ಎಂಬಂತೆ.

ಆಮೇಲೆ ನೆಲ ನಡುಗಿತು.

ಮೊದಲು ಕಾಲಡಿಯಲ್ಲಿ, ಆಮೇಲೆ ಕಿವಿಯಲ್ಲಿ. ಕಾಡಿಗೆ ಬರುತ್ತಿದ್ದಳು. ಗೊರಸಿನ ಸದ್ದಿಗೆ ಸರಿಯಾಗಿ ಅವಳ ಉಸಿರು. ಹುಫ್, ಹುಫ್, ಹುಫ್. ಅಗಲವಾಗಿ ತೆರೆದ ಬಾಗಿಲಲ್ಲಿ ಗಾಳಿ ಬಂದು ಹೋದ ಹಾಗೆ. ಒಂದು ನೆಗೆತ, ಒಂದು ಉಸಿರು. ಎಲ್ಲಿಯೂ ಕೊಯ್ತವಿಲ್ಲ, ಒರಟಿಲ್ಲ. ಕಪ್ಪು ನೆರಳೊಂದು ಮಂಜನ್ನು ಸೀಳಿ ಅವರ ಮುಂದೆ ಹಾದು ಮತ್ತೆ ಮಂಜಾಯಿತು.

ಮೇಷ್ಟ್ರ ಗಲ್ಲದ ಮೇಲೆ ನೀರು ಇಳಿದಿತ್ತು. ಒರೆಸಿಕೊಳ್ಳಲಿಲ್ಲ.

"ಕೇಳಿದ್ರಾ?" ಎಂದರು. "ಸಣ್ಣ ಓಟ ಅಲ್ಲ ಇದು. ಪೂರ್ತಿ ಬಿಟ್ಟಿದಾಳೆ. ಎಲ್ಲಿ ಗರಗಸ?"

ಅಕ್ಕನ ಕಿವಿಯಲ್ಲಿ ಆ ಉಸಿರು ದೂರ ಹೋಗದೆ ಉಳಿದಿತ್ತು. ಶುದ್ಧ ಉಸಿರು. ತಾಳ ತಪ್ಪದ ಉಸಿರು. ಕಾಲಿಗೂ ಮೂಗಿಗೂ ಒಂದೇ ಹಗ್ಗ.

ಒಂದೇ ಹಗ್ಗ.

ಬೇಕು ಅಂದರೂ ನಡುವೆ ಇನ್ನೊಂದು ತಗೊಳ್ಳಕ್ಕಾಗಲ್ಲ ಎಂದಿದ್ದರು ಡಾಕ್ಟರು. ಅದಾದ ಕೂಡಲೇ, ತಂಗಿ ತಾಳ ತಪ್ಪುತ್ತಿದೆ ಎಂದಾಗ, ಗಾಬರಿಯಲ್ಲಿ ತಾಳ ಎಲ್ಲಿ ಉಳಿಯತ್ತೆ ಎಂದಿದ್ದರು. ಎರಡೂ ನಿಜವಾಗಲು ಸಾಧ್ಯವಿಲ್ಲ. ಓಡುವ ಕುದುರೆಯ ಉಸಿರು ಅದರ ಗೊರಸಿನಿಂದ ಜಾರಿಹೋಗುವುದಿಲ್ಲ. ಜಾರಿತ್ತೆಂದರೆ, ಆ ಗೊರಸು ಒಂದರದ್ದು. ಆ ಉಸಿರು ಇನ್ನೊಂದರದ್ದು.

ಅಕ್ಕ ಗೇಟಿನ ಕಡೆ ತಿರುಗಿದಳು.

"ಅತ್ತೆ. ಈಗ ಎಷ್ಟು ಕುದುರೆ ಹೊರಗೆ ಹೋಯ್ತು?"

"ಒಂದು. ಕೂಗಿದ್ನಲ್ಲ."

"ನನ್ನ ಕಣ್ಣೆದುರಿಗೇ ಎರಡು ದಾಟಿದ್ವು."

ಅತ್ತೆ ಒದ್ದೆ ಕೈ ಸೊಂಟಕ್ಕಿಟ್ಟು ಇವಳಿಗೆ ಬುದ್ಧಿ ನೆಟ್ಟಗಿದೆಯೇ ಎನ್ನುವ ಹಾಗೆ ನೋಡಿದಳು. "ಬೂದೀನೂ ಸೇರಿಸಿಯಾ? ಬೂದೀನ ಯಾರಾದ್ರೂ ಎಣಿಸ್ತಾರೇನಮ್ಮ. ಅದು ಜೊತೆಗೆ ಹೋಗಿ ಬರೋದು. ಮನೆಗೆ ಎಷ್ಟು ಜನ ಬಂದ್ರು ಅಂದ್ರೆ ಊರುಗೋಲೂ ಸೇರಿಸಿ ಹೇಳ್ತೀರಾ?"

"ಗಿಡ್ಡಣ್ಣ ಹೋದ ದಿನ?"

"ಅವತ್ತೂ ಬೂದೀನೇ ಕರ್ಕೊಂಡು ಹೋಗಿದ್ದು. ದಿನಾ ಅದೇ ತಾನೇ."

ಯಾರೂ ಸುಳ್ಳು ಹೇಳಿರಲಿಲ್ಲ. ಇಡೀ ಲಾಯ ಬಾಯಿ ತುಂಬ ನಿಜವನ್ನೇ ಹೇಳಿತ್ತು.

"ಮೇಷ್ಟ್ರೇ," ಎಂದಳು ಅಕ್ಕ. "ಬೂದಿ ಗರಗಸ ಎಳೀತಾಳಾ?"

ಮೇಷ್ಟ್ರ ಬಾಯಿ ಅರ್ಧ ತೆರೆಯಿತು. "ಬೂದೀನಾ? ಅವಳು ಓಡಿದ್ದನ್ನ ನಾನು ನೋಡೇ ಇಲ್ಲ. ನಡಿಗೆ ಬಿಟ್ರೆ ಸಣ್ಣ ಓಟ, ಅಷ್ಟೇ ಅವಳ ಕೆಲಸ. ಅವಳು ನನ್ನ ಕೈಲಿ ಬೆಳೆದವಳಲ್ಲ. ಡಾಕ್ಟ್ರು ಇಲ್ಲಿಗೆ ಬರುವಾಗ ಜೊತೇಲಿ ತಂದ್ರು. ಹಳೇ ಓಟದ ಕುದುರೆ, ದಮ್ಮು ಸಾಲದು, ಮೂಲೇಲಿ ಇರ್ಲಿ ಅಂತ."

ಹಿಂದಿನಿಂದ ಜಲ್ಲಿಕಲ್ಲು ತುಳಿಯುವ ಸದ್ದು. ಮಾಮ ಬರುತ್ತಿದ್ದ. ನಡೆದುಕೊಂಡು. ಬರಿಗೈಯಲ್ಲಿ.

"ಮಾಮ, ಬೂದಿ ಎಲ್ಲಿ?"

"ಡಾಕ್ಟ್ರು ಇಸ್ಕೊಂಡ್ರಲ್ಲ," ಎಂದ ಮಾಮ. "ತಿರುವಿನ ಹತ್ರ ಹೋಗಿ ಕಾಡಿಗೆ ಉಸಿರು ಹತ್ತಿರದಿಂದ ಕೇಳ್ತಾರಂತೆ. ನೀವೇ ಹೇಳಿ ಕಳಿಸಿದ್ರಂತೆ."

"ನಾನು ಹೇಳಿಲ್ಲ."

"ಹೇಳಿಲ್ವಾ?" ಮಾಮ ತಲೆ ಕೆರೆದುಕೊಂಡ. "ಅವತ್ತೂ ಹಾಗೇ ಅಂದ್ರು. ಮೇಷ್ಟ್ರು ಹೇಳಿ ಕಳಿಸಿದಾರೆ ಅಂತ."

"ಯಾವತ್ತು?"

"ಗಿಡ್ಡಣ್ಣ ಹೋದ ದಿನ."

"ಇದನ್ನ ನನಗೆ ಯಾಕೆ ಹೇಳ್ಲಿಲ್ಲ ಮಾಮ?"

"ನೀವು ಕೇಳಿದ್ದು ಹಾದಿ ಮೇಲೆ ಬೇರೆ ಕುದುರೆ ಇತ್ತಾ ಅಂತ." ಅವನ ಕಣ್ಣಲ್ಲಿ ಕಪಟವಿರಲಿಲ್ಲ, ನಿಧಾನವಾಗಿ ಮೂಡುತ್ತಿದ್ದ ಭಯವಿತ್ತು. "ಬೂದಿ ಬೇರೆ ಕುದುರೆ ಅಲ್ಲ ಅಲ್ವಾ?"

ಅಕ್ಕ ಕಿವಿಯ ಗುಂಡಿಯನ್ನು ಒತ್ತಿ ಹಿಡಿದಳು. "ಕಡ್ಡಿ, ನಿಲ್ಸು. ಕಡ್ಡಿ, ಕೇಳಿಸ್ತಿದೆಯಾ? ನಿಲ್ಸು ಅಂದೆ."

ಕಿವಿಯಲ್ಲಿ ಗೊರಸಿನ ಸದ್ದು. ಅದರ ಮೇಲೆ ಸಣ್ಣಗೆ, ದೂರದಿಂದ ಹತ್ತಿರಕ್ಕೆ, ಒಣಮರಕ್ಕೆ ಮೊಂಡು ಗರಗಸ.

"ಕಡ್ಡಿ, ನಿಲ್ಸೇ."

"ಯಾಕೆ ಹಾಗೆ ಕಿರುಚ್ತೀಯ," ಎಂದಿತು ತಂಗಿಯ ದನಿ, ಏದುಸಿರಿಲ್ಲದೆ. "ನಾನು ಆಗ್ಲೇ ನಿಂತಿದೀನಿ. ತಿರುವು ಬಂದ ಕೂಡ್ಲೇ ಇವಳು ಹೆಜ್ಜೆ ಎತ್ತಲ್ಲ ಅಂತ ಹಟ. ಮೈಯೆಲ್ಲ ನಡುಗ್ತಿದೆ ಪಾಪ. ಹೋ, ಹೋ, ಚಿನ್ನ. ಏನೂ ಇಲ್ಲ."

ಗೊರಸು ನಿಂತಿರಲಿಲ್ಲ. ಹತ್ತಿರವಾಗುತ್ತಿತ್ತು. ಒಂದು ನೆಗೆತ, ಒಂದು ಕೊಯ್ತ. ಈಗ ತಾಳ ಸರಿಯಾಗಿತ್ತು.

"ಅಕ್ಕ, ಗರಗಸ," ಎಂದಳು ಕಡ್ಡಿ ಪಿಸುದನಿಯಲ್ಲಿ. "ಇವಳದ್ದಲ್ಲ. ಇವಳು ನಿಂತಿದಾಳೆ. ಯಾರೋ ಬರ್ತಿದಾರೆ."

"ತಿರುಗಿಸ್ಕೊಂಡು ಬಾ. ಹಿಂದೆ ನೋಡ್ಬೇಡ."

"ಓ, ಡಾಕ್ಟ್ರು," ಎಂದಳು ಕಡ್ಡಿ, ದನಿ ಸಡಿಲವಾಯಿತು. "ನೀವಾ. ನನ್ನ ಜೀವ ಬಾಯಿಗೆ ಬಂದಿತ್ತು. ಲಗಾಮಾ? ಹಿಡ್ಕೊಳ್ಳಿ, ಹಿಡ್ಕೊಳ್ಳಿ. ಇವಳು ಮುಂದಕ್ಕೂ ಬರಲ್ಲ, ಹಿಂದಕ್ಕೂ ಬರಲ್ಲ."

ಅಕ್ಕ ಬಾಯಿ ತೆರೆದಳು. ತೆರೆದ ಬಾಯನ್ನು ಹಾಗೆಯೇ ಹಿಡಿದಳು. ಫೋನು ಸ್ಪೀಕರಿನಲ್ಲಿತ್ತು. ಅವಳು ಆಡುವ ಒಂದೊಂದು ಮಾತೂ ತಂಗಿಗೆ ಕೇಳುವಷ್ಟೇ ಅವನಿಗೂ ಕೇಳುತ್ತಿತ್ತು.

"ಅಕ್ಕ, ಡಾಕ್ಟ್ರು ನಿನ್ನ ಹತ್ರ ಮಾತಾಡ್ಬೇಕಂತೆ. ಫೋನ್ ಕೊಡ್ತೀನಿ."

ಬಟ್ಟೆ ಉಜ್ಜಿದ ಸದ್ದು. ಆಮೇಲೆ ಮುದಿ ಕುದುರೆಯ ಬಳಲಿದ ಉಸಿರು, ಇಳಿಯುತ್ತ, ತಗ್ಗುತ್ತ, ಮಗುವಿನ ನಿದ್ದೆಯಷ್ಟು ಮೆತ್ತಗಾಯಿತು.

"ಇನ್‌ಸ್ಪೆಕ್ಟರಮ್ಮ." ದನಿ ಎಂದಿನಂತೆ ಮೃದುವಾಗಿತ್ತು, ಪಕ್ಕದಲ್ಲಿದ್ದವರಿಗೂ ಕೇಳಿಸದಷ್ಟು. ಓಡಿ ಬಂದವರ ದನಿಯಲ್ಲ. "ಗರಗಸ ನೀವೂ ಕೇಳಿದ್ರಿ ತಾನೇ? ಇಷ್ಟು ಸ್ಪಷ್ಟವಾಗಿ ನನ್ನ ಜೀವಮಾನದಲ್ಲೇ ಕೇಳಿಲ್ಲ. ಪಾಪ ಗಿಡ್ಡಣ್ಣ. ಕಾಡಿಗೆಯ ಉಸಿರು ಕಟ್ಟಿ, ಬೆದರಿ, ಬೀಳಿಸಿದ್ದೇ ಹೌದು. ಇದರಲ್ಲಿ ಯಾರ ತಪ್ಪೂ ಇಲ್ಲ."

ಅಕ್ಕ ಕಿವಿಯ ಗುಂಡಿಯನ್ನು ಇನ್ನೂ ಒಳಕ್ಕೆ ಒತ್ತಿಕೊಂಡಳು.

"ಮೇಷ್ಟ್ರು ನಿಮ್ಮ ಪಕ್ಕದಲ್ಲೇ ಇರ್ಬೇಕಲ್ಲ. ಗರಗಸ ಕೇಳಿಸ್ತು ಅಂತ ಅವರಿಗೆ ಹೇಳಿ. ಅತ್ತೆಗೂ ಹೇಳಿ, ಮಾಮನಿಗೂ. ಸ್ವಲ್ಪ ಜೋರಾಗಿ ಹೇಳಿ, ನನಗೂ ಕೇಳ್ಲಿ. ನೀವು ಹೇಳಿದ ಮೇಲೆ ನಾನು ಕಡ್ಡೀನ ಜೋಪಾನವಾಗಿ ಕರ್ಕೊಂಡು ಬರ್ತೀನಿ. ಅವಸರ ಏನಿಲ್ಲ. ಲಗಾಮು ನನ್ನ ಕೈಲೇ ಇದೆ."

ಅವನ ಹಿಂದೆ, ಮಂಜಿನ ಆಚೆಯಲ್ಲಿ, ತಂಗಿ ಏನೂ ಅರಿಯದೆ ಕಾಡಿಗೆಯ ಕತ್ತು ತಟ್ಟುತ್ತ ಏನೋ ಗುನುಗುತ್ತಿದ್ದಳು.

ಮೇಷ್ಟ್ರು ಕಟಕಟೆ ಬಿಟ್ಟು ಹತ್ತಿರ ಬಂದರು. ಮಾಮ ಬಂದ. ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಮೂವರೂ ಅವಳ ಮುಖ ನೋಡುತ್ತ ನಿಂತರು.

"ಏನಂತೆ?" ಎಂದರು ಮೇಷ್ಟ್ರು. "ತಿರುವಿನಲ್ಲಿ ಏನು ಕೇಳಿಸ್ತು?"